ಕಾಫಿ ತೊಟ್ಟಿಯ ಕಾಡು ಯೀಸ್ಟ್: ಎಲ್ಲಿ ವಾಸ, ಏನು ಸ್ವಭಾವ, ಎಷ್ಟು ಹೊತ್ತು ಇರಬೇಕು

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ಸುಮಾರು 3,500 ಅಡಿ ಎತ್ತರದಲ್ಲಿ ನಮ್ಮ ಅರೇಬಿಕಾ ಕಾಫಿ ತೋಟವಿದೆ. ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್‌ನಿಂದ ಬಂದ ಬೇಳೆಯನ್ನು ಸಿಮೆಂಟ್ ತೊಟ್ಟಿಗೆ ಬಿಟ್ಟು, ಲೋಳೆ ಕಳಚುವವರೆಗೆ ಇಟ್ಟು ತೊಳೆಯುತ್ತೇವೆ. ಈ ಸಲ ತೊಟ್ಟಿಯ ರಸವನ್ನು ಪರೀಕ್ಷೆಗೆ ಕಳಿಸಿದೆವು. ವರದಿಯಲ್ಲಿ ‘ಹ್ಯಾನ್ಸೆನಿಯಾಸ್ಪೋರಾ ಉವಾರಮ್ ಎಂಬ ಕಾಡು ಯೀಸ್ಟ್ ಪ್ರಧಾನ’ ಎಂದಷ್ಟೇ ಬಂದಿದೆ. ಇದು ಎಲ್ಲಿಂದ ಬಂತು, ಒಳ್ಳೆಯದೋ ಕೆಟ್ಟದ್ದೋ? ಕೆಲವು ದಿನ ತೊಟ್ಟಿಯಲ್ಲಿ ನೇಲ್ ಪಾಲಿಶ್ ವಾಸನೆ ಬರುತ್ತದೆ, ಅದಕ್ಕೆ ಇದೇ ಕಾರಣವೇ? ಇದನ್ನು ಬೆಳೆಸಿ ಮುಂದಿನ ವರ್ಷಕ್ಕೆ ಹೆಪ್ಪಾಗಿ ಇಟ್ಟುಕೊಳ್ಳಬಹುದೇ?

ಉತ್ತರ: ನಿಮ್ಮ ತೊಟ್ಟಿಯಲ್ಲಿ ಈ ಯೀಸ್ಟ್ ಮುಂದಿದೆ ಎಂದರೆ ಹಣ್ಣು ಚೆನ್ನಾಗಿ ಮಾಗಿತ್ತು, ತೊಟ್ಟಿ ತಂಪಾಗಿತ್ತು ಎಂದು ತಿಳಿಯಬಹುದು. ಅಷ್ಟರ ಮಟ್ಟಿಗೆ ಅದು ಒಳ್ಳೆಯ ಸುದ್ದಿ. ಆದರೆ ನೇಲ್ ಪಾಲಿಶ್ ವಾಸನೆಗೂ ಬಹುಮಟ್ಟಿಗೆ ಇದೇ ಯೀಸ್ಟ್ ಕಾರಣ. ಎರಡೂ ನಿಜ. ಒಂದೇ ಜೀವಿ ಒಂದು ದಿನ ಹಣ್ಣಿನ ಘಮ ಕೊಡುತ್ತದೆ, ಇನ್ನೊಂದು ದಿನ ದೋಷ ತರುತ್ತದೆ. ಯಾವ ದಿನ ಯಾವುದು ಎಂದು ತೀರ್ಮಾನವಾಗುವುದು ಹಣ್ಣು ಚೀಲದಲ್ಲಿ ಕಾದ ಹೊತ್ತು, ರಾಶಿಯ ಬಿಸಿ, ಗಾಳಿಯ ಸಂಪರ್ಕ ಇವುಗಳಿಂದ. ಹಾಗಾಗಿ ಯೀಸ್ಟನ್ನು ಬಾಟಲಿಯಲ್ಲಿ ಹಿಡಿದಿಡುವುದಕ್ಕಿಂತ ಅದು ಬಯಸುವ ಪರಿಸ್ಥಿತಿಯನ್ನು ಪ್ರತಿದಿನ ಒಂದೇ ರೀತಿ ಒದಗಿಸುವುದು ಮುಖ್ಯ. ಅದಕ್ಕೆ ಮೊದಲು ಇದರ ಸ್ವಭಾವ ಗೊತ್ತಿರಬೇಕು.

ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ದೊಡ್ಡದಾಗಿ ನೋಡಿದರೆ ಇದನ್ನು ಗುರುತಿಸುವುದು ಕಷ್ಟವಲ್ಲ. ಬೇಕರಿ ಯೀಸ್ಟಿನ ಕೋಶ ದುಂಡಗೆ ಅಥವಾ ಮೊಟ್ಟೆಯಾಕಾರದಲ್ಲಿದ್ದು ಮೈಮೇಲೆ ಎಲ್ಲೆಂದರಲ್ಲಿ ಮೊಗ್ಗು ಬಿಡುತ್ತದೆ. ಇದು ಹಾಗಲ್ಲ. ಎರಡು ತುದಿಗಳಲ್ಲಿ ಮಾತ್ರ, ಒಮ್ಮೆ ಈ ತುದಿ ಒಮ್ಮೆ ಆ ತುದಿ ಎಂದು ಮೊಗ್ಗು ಬಿಡುತ್ತದೆ. ಪ್ರತಿ ಮೊಗ್ಗು ಕಳಚಿದಾಗ ಅಲ್ಲಿ ಗುರುತು ಉಳಿದು ತುದಿ ಚೂಪಾಗುತ್ತಾ ಹೋಗುತ್ತದೆ, ಕೋಶಕ್ಕೆ ನಿಂಬೆಹಣ್ಣಿನ ಆಕಾರ ಬರುತ್ತದೆ. ಅಗಲ ಸುಮಾರು 2ರಿಂದ 5 ಮೈಕ್ರೋಮೀಟರ್, ಉದ್ದ 3ರಿಂದ 11ರವರೆಗೆ. ಇನ್ನೂ ಮೊಗ್ಗು ಬಿಡದ ಎಳೆಯ ಕೋಶಗಳು ಮೊಟ್ಟೆಯಾಕಾರದಲ್ಲಿಯೇ ಇರುವುದರಿಂದ ನೋಡಿದ್ದೆಲ್ಲ ನಿಂಬೆಯಾಕಾರದಲ್ಲಿ ಇರಬೇಕೆಂದಿಲ್ಲ. ಹಳೆಯ ಪುಸ್ತಕಗಳಲ್ಲಿ ಇದೇ ಯೀಸ್ಟ್ ಕ್ಲೋಕೆರಾ ಎಪಿಕ್ಯುಲೇಟಾ ಎಂಬ ಹೆಸರಿನಲ್ಲಿದೆ. ಎರಡು ಹೆಸರು ಕಂಡರೆ ಎರಡು ಜೀವಿ ಎಂದುಕೊಳ್ಳಬೇಡಿ.

ಆಕಾರ ನೋಡಿ ಕುಲ ಗೊತ್ತಾಗುತ್ತದೆ, ಜಾತಿ ಗೊತ್ತಾಗುವುದಿಲ್ಲ. ಇದರ ಸೋದರ ಜಾತಿಗಳಾದ ಹ್ಯಾನ್ಸೆನಿಯಾಸ್ಪೋರಾ ಗಿಲಿಯರ್ಮಾಂಡಿ ಮತ್ತು ಹ್ಯಾನ್ಸೆನಿಯಾಸ್ಪೋರಾ ಒಪುಂಟಿಯೇ ಕೂಡ ಹೀಗೆಯೇ ಕಾಣುತ್ತವೆ. ಸುಲಭದ ಒಂದು ಭೇದವಿದೆ. ಆ ಎರಡೂ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಯುತ್ತವೆ, ಉವಾರಮ್ ಬೆಳೆಯುವುದಿಲ್ಲ, 34–35ರ ಆಸುಪಾಸಿಗೆ ನಿಂತುಬಿಡುತ್ತದೆ. ಒಂದೇ ಕಾಲೊನಿಯನ್ನು (ಒಂದೆಡೆ ಗುಂಪಾಗಿ ಬೆಳೆದ ಯೀಸ್ಟಿನ ಚುಕ್ಕೆ) ಅಗರ್ ಎಂಬ ಪೋಷಕ ಲೋಳೆ ತುಂಬಿದ ಎರಡು ಪ್ಲೇಟಿಗೆ ಗೀರಿ ಒಂದನ್ನು 25ರಲ್ಲಿ, ಇನ್ನೊಂದನ್ನು 37ರಲ್ಲಿ ಇಟ್ಟರೆ ಮೂರು ದಿನದಲ್ಲಿ ಉತ್ತರ ಸಿಗುತ್ತದೆ. ಖಚಿತ ಬೇಕಿದ್ದರೆ 26ಎಸ್ ಆರ್‌ಎನ್‌ಎ ಜೀನಿನ ಡಿ1/ಡಿ2 ಭಾಗದ ಡಿಎನ್‌ಎ ಓದಿಸಬೇಕು. ಯೀಸ್ಟ್‌ಗಳನ್ನು ಬಣ್ಣದಿಂದ ಬೇರ್ಪಡಿಸುವ ಡಬ್ಲ್ಯುಎಲ್ ಅಗರ್ ಮೇಲೆ ಇದರ ಕಾಲೊನಿ ಚಪ್ಪಟೆಯಾಗಿ, ನುಣುಪಾಗಿ, ಕಡು ಹಸಿರಾಗಿ ಮೂಡುತ್ತದೆ. ಬೇಕರಿ ಯೀಸ್ಟಿನದು ಬೆಳ್ಳಗೆ ಅಥವಾ ತಿಳಿ ಹಸಿರಾಗಿ ಉಬ್ಬಿರುತ್ತದೆ. ಲೈಸಿನ್ ಅಗರ್ ಮೇಲೆ ಬೇಕರಿ ಯೀಸ್ಟ್ ಬೆಳೆಯದು, ಇದು ಬೆಳೆಯುತ್ತದೆ. ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ತುಂಬಿಕೊಳ್ಳದಂತೆ ಲೀಟರಿಗೆ 100 ಮಿಲಿಗ್ರಾಂ ಕ್ಲೋರಾಂಫೆನಿಕಾಲ್ ಸೇರಿಸುವುದು ವಾಡಿಕೆ.

ಈಗ ಆಹಾರ. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಇದಕ್ಕೆ ಬೇಕು. ಸುಕ್ರೋಸ್, ಅಂದರೆ ನಾವು ಬಳಸುವ ಸಕ್ಕರೆ, ಇದಕ್ಕೆ ದಕ್ಕುವುದಿಲ್ಲ. ಮಾಲ್ಟೋಸ್, ಹಾಲಿನ ಲ್ಯಾಕ್ಟೋಸ್ ಕೂಡ ಇಲ್ಲ. ತೋಟಗಳಲ್ಲಿ ಹೆಪ್ಪು ಬೆಳೆಸಲು ಬೆಲ್ಲ ಹಾಕುವ ಅಭ್ಯಾಸ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಬೆಲ್ಲದಲ್ಲಿ ಬಹುಪಾಲು ಸುಕ್ರೋಸ್. ಅದರಿಂದ ಮೊದಲು ಹೊಟ್ಟೆ ತುಂಬಿಸಿಕೊಳ್ಳುವವು ಸುಕ್ರೋಸ್ ಒಡೆಯಬಲ್ಲ ಬೇರೆ ಯೀಸ್ಟ್‌ಗಳು ಮತ್ತು ಬ್ಯಾಕ್ಟೀರಿಯಾಗಳು. ನೀವು ಬೆಳೆಸಬೇಕೆಂದುಕೊಂಡ ಯೀಸ್ಟಿಗೆ ಅವು ಒಡೆದು ಬಿಟ್ಟದ್ದಷ್ಟೇ ಸಿಗುತ್ತದೆ. ಇನೊಸಿಟಾಲ್, ಪ್ಯಾಂಟೊಥೆನೇಟ್ ಎಂಬ ವಿಟಮಿನ್‌ಗಳನ್ನೂ ಇದು ಹೊರಗಿನಿಂದಲೇ ಪಡೆಯಬೇಕು. ಹಣ್ಣಿನ ರಸದಲ್ಲಿ ಅವು ಇರುತ್ತವೆ, ಸಕ್ಕರೆ ನೀರಿನಲ್ಲಿ ಇರುವುದಿಲ್ಲ. ಥಯಾಮಿನ್ ಎಂಬ ಇನ್ನೊಂದು ವಿಟಮಿನ್ನನ್ನು ಇದು ಬೇಗ ಬೇಗ ಹೀರಿಕೊಳ್ಳುತ್ತದೆ. ಹಿಂದೆ ಬರುವ ಯೀಸ್ಟ್‌ಗಳಿಗೆ ಅದರ ಕೊರತೆಯಾಗುವುದು ಇದರಿಂದಲೇ.

ಮದ್ಯಸಾರ ಮತ್ತು ತಾಪಮಾನ, ಈ ಎರಡು ವಿಷಯದಲ್ಲಿ ಈ ಯೀಸ್ಟಿನ ನಡವಳಿಕೆ ತಿಳಿದರೆ ನಿಮ್ಮ ತೊಟ್ಟಿ ಅರ್ಧ ಅರ್ಥವಾದಂತೆ. ಇದರ ಬಗ್ಗೆ ಪ್ರಪಂಚದಲ್ಲಿ ನಡೆದಿರುವ ಸಂಶೋಧನೆಯಲ್ಲಿ ಬಹುಪಾಲು ದ್ರಾಕ್ಷಿ ವೈನಿನದು. ಮಾಗಿದ ದ್ರಾಕ್ಷಿಯ ಸಿಪ್ಪೆಯ ಮೇಲಿನ ಯೀಸ್ಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅನೇಕ ಸಲ ಇದರದೇ. ರಸ ಹಿಂಡಿದ ಮೊದಲ ಒಂದೆರಡು ದಿನ ಇದರದೇ ದರ್ಬಾರು. ಮದ್ಯಸಾರ ಶೇ. 5ರಿಂದ 7 ತಲುಪುವಷ್ಟರಲ್ಲಿ ಇದು ಸಾಯತೊಡಗುತ್ತದೆ, ಬೇಕರಿ ಯೀಸ್ಟಿನ ಜಾತಿಯಾದ ಸ್ಯಾಕರೊಮೈಸಿಸ್ ಸೆರೆವಿಸಿಯೇ ಮುಂದಿನದನ್ನು ವಹಿಸಿಕೊಳ್ಳುತ್ತದೆ. ಕಾಫಿ ಲೋಳೆಯಲ್ಲಿ ಕಥೆ ಬೇರೆ. ಲೋಳೆಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರು, ಸಕ್ಕರೆ ಕಡಿಮೆ. ಅಷ್ಟು ಮದ್ಯಸಾರ ಹುಟ್ಟುವ ಅವಕಾಶವೇ ಇಲ್ಲ. ಹಾಗಾಗಿ ವೈನಿನಲ್ಲಿ ಮಧ್ಯದಲ್ಲೇ ಮಾಯವಾಗುವ ಯೀಸ್ಟ್ ಕಾಫಿ ತೊಟ್ಟಿಯಲ್ಲಿ ಕೊನೆಯವರೆಗೂ ಉಳಿಯಬಲ್ಲದು. ವೈನಿನ ಲೇಖನ ಓದಿ ‘ಇದು ತಾನೇ ಸತ್ತುಹೋಗುತ್ತದೆ’ ಎಂದು ನಂಬಿ ಕೂರುವಂತಿಲ್ಲ. ಇಲ್ಲಿ ಅದನ್ನು ನಿಲ್ಲಿಸಬೇಕಾದವರು ನೀವು, ತೊಳೆಯುವ ಸಮಯದ ಮೂಲಕ.

ಹುಳಿಗೆ ಇದು ಹೆದರುವುದಿಲ್ಲ. ತೊಟ್ಟಿಯ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4ಕ್ಕೆ ಇಳಿದರೂ ಬದುಕಿರುತ್ತದೆ, ದ್ರಾಕ್ಷಿರಸದ 3.5ರಲ್ಲೂ ಆರಾಮ. ತಂಪು ಇದಕ್ಕೆ ಇಷ್ಟ. 10–15 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುತ್ತದೆ, ತಂಪಿನಲ್ಲಿ ಮದ್ಯಸಾರವನ್ನೂ ಹೆಚ್ಚು ತಡೆದುಕೊಳ್ಳುತ್ತದೆ. ಇದನ್ನು ಸೋಲಿಸುವುದು ಬಿಸಿ. ಡಿಸೆಂಬರ್‌ನಲ್ಲಿ ನಿಮ್ಮ ಕಡೆ ರಾತ್ರಿ ಚೆನ್ನಾಗಿ ತಣ್ಣಗಾಗುವುದರಿಂದ ತೊಟ್ಟಿ 18–24 ಡಿಗ್ರಿಯಲ್ಲಿ ಇರುವುದು ಸಾಧ್ಯ, ಅದು ಇದಕ್ಕೆ ಹೇಳಿ ಮಾಡಿಸಿದ ಹವೆ. ಅದೇ ಹಣ್ಣನ್ನು ಮಧ್ಯಾಹ್ನ ಬಿಸಿಲಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗೆ 35 ದಾಟುವುದು ಕಷ್ಟವಲ್ಲ. ಆಗ ಉವಾರಮ್ ಹಿಂದೆ ಸರಿದು ಬಿಸಿ ತಡೆಯುವ ಗಿಲಿಯರ್ಮಾಂಡಿ, ಪಿಚಿಯಾ ಕುದ್ರಿಯಾವ್ಝೆವಿ ಮತ್ತು ವಿನೆಗರ್ ಮಾಡುವ ಬ್ಯಾಕ್ಟೀರಿಯಾಗಳು ಮುಂದೆ ಬರುತ್ತವೆ.

ಇದು ಎಲ್ಲಿಂದ ಬಂತು ಎಂದು ಕೇಳಿದ್ದೀರಿ. ಈ ಪ್ರಶ್ನೆಯನ್ನು ಮೊದಲು ಕ್ರಮವಾಗಿ ಬೆನ್ನಟ್ಟಿದವರು ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್. 1880ರ ದಶಕದಲ್ಲಿ ಅವರು ಹಣ್ಣಿನ ತೋಟಗಳಲ್ಲಿ ನಿಂಬೆಯಾಕಾರದ ಯೀಸ್ಟನ್ನು ವರ್ಷವಿಡೀ ಹಿಂಬಾಲಿಸಿದರು. ಬೇಸಿಗೆಯಲ್ಲಿ ಮಾಗಿದ, ರಸ ಒಸರುವ ಹಣ್ಣಿನ ಮೇಲೆ ಅದು ಹೆಚ್ಚುತ್ತದೆ. ಉದುರಿದ ಹಣ್ಣು ಮತ್ತು ಮಳೆಯ ಜೊತೆ ಮಣ್ಣು ಸೇರುತ್ತದೆ. ಚಳಿಗಾಲವನ್ನು ಮರದ ಕೆಳಗಿನ ಮಣ್ಣಿನಲ್ಲಿ ಕಳೆಯುತ್ತದೆ. ಮತ್ತೆ ಹಣ್ಣು ಮಾಗುವ ಹೊತ್ತಿಗೆ ಧೂಳು, ಕೀಟಗಳ ಮೂಲಕ ಮೇಲೇರುತ್ತದೆ ಎಂದು ತೋರಿಸಿಕೊಟ್ಟರು. ಒಂದು ಸೂಕ್ಷ್ಮಜೀವಿ ಪ್ರಕೃತಿಯಲ್ಲಿ ಸುತ್ತುವ ದಾರಿಯನ್ನು ಹೀಗೆ ಬಿಡಿಸಿಟ್ಟ ಮೊದಮೊದಲ ಕೆಲಸಗಳಲ್ಲಿ ಇದೊಂದು. ಕುಲಕ್ಕೆ ಅವರ ಹೆಸರನ್ನೇ ಇಡಲಾಗಿದೆ.

ಮಲೆನಾಡಿನಲ್ಲಿ ಇದಕ್ಕೆ ಬದುಕು ಇನ್ನೂ ಸುಲಭ. ಹಿಮ ಬೀಳುವುದಿಲ್ಲ, ಕಾಫಿಯ ನೆರಳಿನಲ್ಲೂ ಬೇಲಿಯಲ್ಲೂ ಒಂದಾದ ಮೇಲೊಂದು ಹಣ್ಣು ಇದ್ದೇ ಇರುತ್ತದೆ. ಮುಂಗಾರಿಗೆ ಹಲಸು, ನೇರಳೆ, ಆಮೇಲೆ ಸೀಬೆ, ನಡುನಡುವೆ ಅತ್ತಿ, ಬಾಳೆ, ಚಳಿಗೆ ಕಿತ್ತಳೆ ಮತ್ತು ಕಾಫಿ. ಸಕ್ಕರೆಯಿರುವ ಯಾವ ಹಣ್ಣಿನ ಸಿಪ್ಪೆ ಬಿರಿದರೂ ಇದಕ್ಕೆ ಮನೆಯೇ. ಬಿರಿಯದ ಗಟ್ಟಿ ಹಣ್ಣಿನ ಮೇಲೆ ಇದು ಕಡಿಮೆ ಇರುತ್ತದೆ, ಇದ್ದರೂ ತೊಟ್ಟಿನ ಬುಡ, ಹೊಕ್ಕುಳಿನ ಗುಳಿ, ಕಾಯಿಕೊರಕ ಕೊರೆದ ತೂತು ಇಂಥ ಕಡೆ. ಹಸಿರು ಶಲ್ಕ ಕೀಟ, ಹಿಟ್ಟುತಿಗಣೆ ಸುರಿಸುವ ಅಂಟುಸಿಹಿಯೂ ಯೀಸ್ಟ್‌ಗಳಿಗೆ ಊಟ. ಅಂಟು ಬಿದ್ದು ಕಪ್ಪು ಬೂಷ್ಟು ಹಿಡಿದ ಗೊಂಚಲಿನ ಮೇಲೆ ಯೀಸ್ಟ್ ಹೆಚ್ಚು, ಜೊತೆಗೆ ಬೂಷ್ಟೂ ಹೆಚ್ಚು, ಆದ್ದರಿಂದ ಹೆಪ್ಪಿಗೆಂದು ಅಂಥ ಹಣ್ಣನ್ನು ಆರಿಸಬಾರದು.

ಒಂದು ಹಣ್ಣಿನಿಂದ ಇನ್ನೊಂದಕ್ಕೆ ಇದನ್ನು ಸಾಗಿಸುವುದು ಮುಖ್ಯವಾಗಿ ಹಣ್ಣುನೊಣ. ಬಾಳೆಹಣ್ಣಿನ ಸುತ್ತ ಗುಂಪಾಗಿ ಹಾರುವ ಆ ಪುಟ್ಟ ಡ್ರೊಸೊಫಿಲಾ ನೊಣ. ಈ ಯೀಸ್ಟ್ ಬಿಡುವ ಅಸಿಟೇಟ್ ವಾಸನೆಗಳೇ ನೊಣವನ್ನು ಕರೆಯುತ್ತವೆ. ನೊಣ ಅದನ್ನು ತಿಂದು, ಕಾಲಿಗೆ ಮೆತ್ತಿಕೊಂಡು, ಮುಂದಿನ ಹಣ್ಣಿನಲ್ಲಿ ಮೊಟ್ಟೆಯಿಡುವಾಗ ಅಲ್ಲಿಗೆ ಬಿತ್ತುತ್ತದೆ. ಮರಿಹುಳುಗಳಿಗೆ ಯೀಸ್ಟೇ ಪೌಷ್ಟಿಕ ಆಹಾರ. ಚೆರ್ರಿ, ರಾಸ್ಪ್‌ಬೆರಿ ಬೆಳೆಗೆ ಶತ್ರುವಾದ ಡ್ರೊಸೊಫಿಲಾ ಸುಝುಕಿ ನೊಣವನ್ನು ಕ್ಯಾಲಿಫೋರ್ನಿಯಾದಲ್ಲಿ ಪರೀಕ್ಷಿಸಿದಾಗಲೂ ಅದರ ಜೊತೆ ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಈ ಯೀಸ್ಟೇ. ನಿಮ್ಮ ಪಲ್ಪರ್ ಮನೆಯ ಹತ್ತಿರ ಸಿಪ್ಪೆಯ ಗುಡ್ಡೆ ಇದ್ದರೆ ನೊಣಗಳಿಗೆ ಅದೇ ಊರು, ಅಲ್ಲಿಂದ ತೊಟ್ಟಿಗೆ ದಿನವೂ ಹೋಗಿಬರುತ್ತಿರುತ್ತವೆ. ಇನ್ನುಳಿದ ಮನೆಗಳು ಪಲ್ಪರ್‌ನ ಡಿಸ್ಕ್, ಸಿಪ್ಪೆ ಬೀಳುವ ಜಾರು, ಸಿಮೆಂಟ್ ತೊಟ್ಟಿಯ ಒರಟು ಮೂಲೆ, ಕೊಯ್ಲಿನ ಗೋಣಿಚೀಲ. ಬೋರ್ಡೋ ದ್ರಾವಣದ ತಾಮ್ರ ಯೀಸ್ಟಿಗೂ ವಿಷವೇ. ಆದರೆ ಮಳೆಗಾಲದ ಮುಂಚೆ, ಆಮೇಲೆ ಎಲೆಗೆ ಹೊಡೆದದ್ದರಿಂದ ಕೊಯ್ಲಿನ ಹೊತ್ತಿಗೆ ತೋಟದಲ್ಲಿ ಯೀಸ್ಟೇ ಇರದಂತಾಗುವುದಿಲ್ಲ. ನೊಣಗಳು ಮತ್ತೆ ತರುತ್ತವೆ.

ಇನ್ನೊಂದು ವಿಷಯ ತೊಟ್ಟಿಗೆ ನೇರವಾಗಿ ಬೇಕಾದ್ದಲ್ಲ, ಆದರೂ ತಿಳಿದಿರಬೇಕು. 2019ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನವೊಂದು, ಈ ಕುಲದ ಯೀಸ್ಟ್‌ಗಳು ಕೋಶ ವಿಭಜನೆಯನ್ನು ತಪಾಸಣೆ ಮಾಡುವ ಮತ್ತು ಡಿಎನ್‌ಎ ದುರಸ್ತಿ ಮಾಡುವ ಅನೇಕ ಜೀನ್‌ಗಳನ್ನು ಕಳೆದುಕೊಂಡಿವೆ ಎಂದು ತೋರಿಸಿತು. ಉವಾರಮ್ ಸೇರಿರುವ ಕವಲಿನಲ್ಲಿ ಈ ನಷ್ಟ ಇನ್ನೂ ಹೆಚ್ಚು. ಬೇಕರಿ ಯೀಸ್ಟಿನ ಜೀನೋಮ್ ಸುಮಾರು 1.2 ಕೋಟಿ ಅಕ್ಷರದ್ದಾದರೆ ಇದರದು ಒಂದು ಕೋಟಿಗೂ ಕಡಿಮೆ. ಇಂಥ ಜೀವಿಯನ್ನು ಪ್ರಯೋಗಾಲಯದಲ್ಲಿ ಪದೇ ಪದೇ ವರ್ಗಾಯಿಸುತ್ತಾ ವರ್ಷಗಟ್ಟಲೆ ಸಾಕಿದರೆ ಅದು ಮೊದಲಿನ ಹಾಗೆಯೇ ಉಳಿಯುತ್ತದೆ ಎಂದು ನಂಬುವುದು ಕಷ್ಟ. ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರಿಸುವಾಗ ಇದನ್ನು ನೆನಪಿಡಬೇಕು.

ತೊಟ್ಟಿಯಲ್ಲಿ ಇದು ಮಾಡುವ ಕೆಲಸವೇನು? ಲೋಳೆ ಕಳಚುವ ಕೆಲಸದ ಪೂರ್ತಿ ಶ್ರೇಯ ಇದಕ್ಕೆ ಕೊಡಬೇಡಿ. ಲೋಳೆಯ ಪೆಕ್ಟಿನ್ ಒಡೆಯುವುದರಲ್ಲಿ ಹಣ್ಣಿನದೇ ಕಿಣ್ವಗಳು, ಕೆಲವು ಬ್ಯಾಕ್ಟೀರಿಯಾ ಮತ್ತು ಬೇರೆ ಯೀಸ್ಟ್‌ಗಳು ಪಾಲುಗೊಳ್ಳುತ್ತವೆ. ಈ ಬಗ್ಗೆ ನಮ್ಮಲ್ಲೇ ಹಳೆಯ, ಗಟ್ಟಿಯಾದ ಕೆಲಸವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಗಟೆ ಮತ್ತು ಭಟ್ 1966ರಲ್ಲಿ ರೊಬಸ್ಟಾ ಹಣ್ಣಿನ ಲೋಳೆ ಕರಗಿಸುವ ಯೀಸ್ಟ್‌ಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅವರು ಗುರುತಿಸಿದವುಗಳಲ್ಲಿ ಒಂದು, ಈಗ ಕ್ಲೂವೆರೊಮೈಸಿಸ್ ಮಾರ್ಕ್ಸಿಯಾನಸ್ ಎಂದು ಕರೆಯುವ ಯೀಸ್ಟ್. ಅದು ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, 40 ಡಿಗ್ರಿ ದಾಟಿದರೂ ಬೆಳೆಯುತ್ತದೆ, ಪೆಕ್ಟಿನ್ ಒಡೆಯುವುದರಲ್ಲಿ ಗಟ್ಟಿಗ. ಉವಾರಮ್‌ನಲ್ಲಿ ಪೆಕ್ಟಿನ್ ಒಡೆಯುವ ಶಕ್ತಿ ತಳಿಯಿಂದ ತಳಿಗೆ ಬದಲಾಗುತ್ತದೆ. ಆದ್ದರಿಂದ ‘ಇದನ್ನು ಹಾಕಿದರೆ ತೊಟ್ಟಿ ಬೇಗ ಆಗುತ್ತದೆ’ ಎಂಬ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಪಿಎಚ್ ಇಳಿಯುವುದೂ ಮುಖ್ಯವಾಗಿ ಲ್ಯೂಕೊನೊಸ್ಟಾಕ್‌ನಂಥ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಿಂದ.

ಇದರ ನಿಜವಾದ ಕೊಡುಗೆ ಎರಡು. ಮೊದಲ ಹನ್ನೆರಡು ಗಂಟೆಯಲ್ಲಿ ಸುಲಭದ ಸಕ್ಕರೆಯನ್ನು ಬೇಗ ಖಾಲಿಮಾಡಿ ಕೊಳೆಸುವ ಬ್ಯಾಕ್ಟೀರಿಯಾಗಳಿಗೆ ಜಾಗ ಕಡಿಮೆ ಮಾಡುತ್ತದೆ. ಜೊತೆಗೆ ಅಸಿಟೇಟ್ ಎಸ್ಟರ್‌ಗಳನ್ನು, ಅಂದರೆ ಹಣ್ಣು, ಹೂವಿನ ಪರಿಮಳದ ಪದಾರ್ಥಗಳನ್ನು ಬಿಡುತ್ತದೆ. ಟಾಂಜಾನಿಯಾದ ಅರೇಬಿಕಾ ತೊಟ್ಟಿಗಳ ಮೇಲೆ ನಡೆದ ಅಧ್ಯಯನದಲ್ಲೂ ಉವಾರಮ್ ಮತ್ತು ಪಿಚಿಯಾ ಜಾತಿಗಳೇ ಮುಖ್ಯವಾಗಿ ಕಂಡವು. ಅದೇ ತಂಡ ಈ ಯೀಸ್ಟ್‌ಗಳು ಓಕ್ರಾಟಾಕ್ಸಿನ್ ಎಂಬ ವಿಷ ಮಾಡುವ ಆಸ್ಪರ್‌ಜಿಲಸ್ ಬೂಷ್ಟಿನ ಬೆಳವಣಿಗೆಯನ್ನು ಪ್ರಯೋಗಾಲಯದಲ್ಲಿ ತಡೆದುದನ್ನೂ ತೋರಿಸಿತು. ಆದರೆ ಪ್ಲೇಟಿನಲ್ಲಿ ತಡೆದದ್ದು ಕಣದಲ್ಲಿ ತಡೆಯುತ್ತದೆ ಎಂದು ನಂಬಿ ಒಣಗಿಸುವುದನ್ನು ಸಡಿಲಿಸಬೇಡಿ. ಬೂಷ್ಟನ್ನು ತಡೆಯುವುದು ತೊಳೆದ ಬೇಳೆಯನ್ನು, ಅಂದರೆ ಪಾರ್ಚ್‌ಮೆಂಟನ್ನು ತೆಳುವಾಗಿ ಹರಡಿ, ಮೊದಲ ಎರಡು ದಿನ ಗಂಟೆಗೊಮ್ಮೆ ಕೆದಕಿ, ತೇವ ಶೇ. 10–11ಕ್ಕೆ ತರುವ ಕೆಲಸವೇ.

ನೇಲ್ ಪಾಲಿಶ್ ವಾಸನೆಯ ವಿಷಯಕ್ಕೆ ಬರುತ್ತೇನೆ, ನಿಮಗೆ ನಷ್ಟ ಮಾಡುವುದು ಇದೇ. ಆ ವಾಸನೆ ಈಥೈಲ್ ಅಸಿಟೇಟ್‌ನದು. ಸ್ವಲ್ಪ ಇದ್ದರೆ ಮಾಗಿದ ಪೇರಲೆ, ಅನಾನಸಿನ ಘಮ. ಹೆಚ್ಚಾದರೆ ನೇಲ್ ಪಾಲಿಶ್. ವೈನಿನಲ್ಲಿ ಲೀಟರಿಗೆ 150–200 ಮಿಲಿಗ್ರಾಂ ತಲುಪಿದರೆ ಅದನ್ನು ದೋಷವೆಂದೇ ಎಣಿಸುತ್ತಾರೆ. ಉವಾರಮ್ ಮತ್ತು ಅದರ ಸೋದರ ಜಾತಿಗಳು ಇದನ್ನು ಧಾರಾಳವಾಗಿ ಮಾಡುತ್ತವೆ, ಅದರಲ್ಲೂ ಗಾಳಿ ತಗಲುವ ಮೇಲ್ಪದರದಲ್ಲಿ. ಆದ್ದರಿಂದ ವಾಸನೆ ಬಂದ ದಿನ ತೊಟ್ಟಿಯನ್ನು ಮಾತ್ರ ನೋಡಬೇಡಿ, ಹಿಂದಕ್ಕೆ ಹೋಗಿ. ಹಣ್ಣು ಕೊಯ್ದಿದ್ದು ಎಷ್ಟು ಗಂಟೆಗೆ, ಪಲ್ಪರ್‌ಗೆ ಬಿದ್ದಿದ್ದು ಎಷ್ಟು ಗಂಟೆಗೆ? ಆಳುಗಳು ಬೆಳಿಗ್ಗೆ ಕೊಯ್ದ ಹಣ್ಣು ಕರೆಂಟ್ ಹೋಗಿ ಮರುದಿನ ಪಲ್ಪ್ ಆಗಿದ್ದರೆ, ಚೀಲದಲ್ಲೇ ಜಜ್ಜಿದ ಹಣ್ಣಿನ ರಸದಲ್ಲಿ ಯೀಸ್ಟ್ ಒಂದು ಸುತ್ತು ಮುಗಿಸಿಯೇ ಬಂದಿರುತ್ತದೆ. ತೊಟ್ಟಿಗೆ ಬೀಳುವಾಗಲೇ ಈಥೈಲ್ ಅಸಿಟೇಟ್ ಇರುತ್ತದೆ. ಅತಿಯಾಗಿ ಮಾಗಿ ಗಿಡದಲ್ಲೇ ಒಣಗತೊಡಗಿದ ಹಣ್ಣು ಶೇ. 10ರಷ್ಟು ಬೆರೆತರೂ ಸಾಕು. ಡಿಸೆಂಬರ್‌ನಲ್ಲಿ ಅಕಾಲ ಮಳೆ ಬಂದು ಹಣ್ಣು ಬಿರಿದ ವಾರಗಳಲ್ಲಿ ಇದು ಹೆಚ್ಚು.

ಪರಿಹಾರವೂ ಅಲ್ಲೇ ಇದೆ. ಕೊಯ್ದ ದಿನವೇ, 8 ಗಂಟೆಯೊಳಗೆ ಪಲ್ಪ್ ಮಾಡಿ. ಸಾಧ್ಯವಾಗದ ದಿನ ಹಣ್ಣನ್ನು ಚೀಲದಲ್ಲಿ ಬಿಡದೆ ನೆರಳಲ್ಲಿ ಅರ್ಧ ಅಡಿಗಿಂತ ದಪ್ಪವಿಲ್ಲದಂತೆ ಹರಡಿ, ಅಥವಾ ತಣ್ಣೀರಿನಲ್ಲಿ ಮುಳುಗಿಸಿಟ್ಟು ಬೆಳಗಾಗುತ್ತಲೇ ಪಲ್ಪ್ ಮಾಡಿ. ತೇಲುಹಣ್ಣನ್ನು ತೆಗೆದು ಚೆರ್ರಿಗೆ, ಅಂದರೆ ಸಿಪ್ಪೆಸಮೇತ ಒಣಗಿಸಲು, ಕಳಿಸಿ. ಬೇಳೆ ತೊಟ್ಟಿಗೆ ಬಿದ್ದ ಮೇಲೆ ಮೇಲ್ಪದರ ಒಣಗಲು ಬಿಡದೆ, ಆರು ಗಂಟೆಗೊಮ್ಮೆ ಸ್ವಚ್ಛ ಮರದ ಹಲುಬೆಯಿಂದ ಮೇಲಿನದು ಕೆಳಗೆ ಹೋಗುವಂತೆ ತಿರುವಿ, ಮೇಲೆ ಒದ್ದೆ ಗೋಣಿ ಹೊದಿಸಿ. ವಾಸನೆ ಬಂದೇಬಿಟ್ಟಿದ್ದರೆ ಕಾಯಬೇಡಿ. ರಸ ಬಸಿದು, ಬೇಳೆ ಮುಳುಗುವಷ್ಟು ಹೊಸ ನೀರು ತುಂಬಿ, ಉಳಿದ ಹೊತ್ತು ನೀರಿನಡಿಯಲ್ಲೇ ಕಳೆಯಲಿ. ಈಥೈಲ್ ಅಸಿಟೇಟ್ ನೀರಿನಲ್ಲಿ ಕರಗುತ್ತದೆ, ಗಾಳಿಗೂ ಹಾರುತ್ತದೆ, ಬೇಗ ಹಿಡಿದರೆ ಬಹಳಷ್ಟು ಹೋಗುತ್ತದೆ. ಕಟುವಾದ ವಿನೆಗರ್ ವಾಸನೆ ಸೇರಿದ್ದರೆ ಆ ತೊಟ್ಟಿಯ ಮಾಲನ್ನು ಬೇರೆಯೇ ಒಣಗಿಸಿ ಬೇರೆಯೇ ಇಡಿ. ಒಂದು ಕೆಟ್ಟ ತೊಟ್ಟಿ ಹತ್ತು ಒಳ್ಳೆಯ ತೊಟ್ಟಿಗಳ ಜೊತೆ ಬೆರೆಯುವುದೇ ಬಹಳ ತೋಟಗಳಲ್ಲಿ ಆಗುವ ದೊಡ್ಡ ನಷ್ಟ.

ತೊಟ್ಟಿ ಆಯಿತೆಂದು ತಿಳಿಯುವುದಕ್ಕೆ ಗಡಿಯಾರ ಒಂದೇ ಸಾಲದು. ಅರೇಬಿಕಾಗೆ ಸಾಮಾನ್ಯವಾಗಿ 24ರಿಂದ 36 ಗಂಟೆ. ಆದರೆ ರಾತ್ರಿ 12 ಡಿಗ್ರಿಗೆ ಇಳಿದ ವಾರ ಅದಕ್ಕಿಂತ ಹೆಚ್ಚು, ಮೋಡ ಕವಿದು ಸೆಖೆಯಿದ್ದ ವಾರ ಕಡಿಮೆ. ರಾಶಿಯ ನಡುವಿನಿಂದ ಒಂದು ಹಿಡಿ ಬೇಳೆ ತೆಗೆದು ನೀರಿನಲ್ಲಿ ತೊಳೆದು ಅಂಗೈಯಲ್ಲಿ ಉಜ್ಜಿದರೆ ಜಾರದೆ ಗರಗರ ಎನ್ನಬೇಕು. ರಾಶಿಗೆ ಕೋಲು ಚುಚ್ಚಿ ತೆಗೆದರೆ ತೂತು ಮುಚ್ಚಿಕೊಳ್ಳದೆ ನಿಲ್ಲಬೇಕು. ಇವೆರಡರ ಜೊತೆ ಪಿಎಚ್ ಮೀಟರ್ ಇಟ್ಟುಕೊಳ್ಳಿ, ಪಟ್ಟಿಕಾಗದಕ್ಕಿಂತ ಅದು ನಂಬಿಕಸ್ತ. ಶುರುವಿನಲ್ಲಿ 5.5ರ ಆಚೀಚೆ ಇರುವುದು 4.5ಕ್ಕೆ ಬಂದಾಗಿನಿಂದ ಎರಡು ಗಂಟೆಗೊಮ್ಮೆ ಕೈಯಿಂದ ನೋಡಿ, 4.0 ಮುಟ್ಟುವ ಮೊದಲೇ ತೊಳೆಯಿರಿ. ಲೋಳೆ ಬಿಡದೆ ಪಿಎಚ್ ಮಾತ್ರ ಬೇಗ ಇಳಿದರೆ ಕಾಯಿಹಣ್ಣು ಹೆಚ್ಚು ಬಿದ್ದಿದೆಯೇ ಅಥವಾ ಹಿಂದಿನ ದಿನದ ರಸ ತೊಟ್ಟಿಯ ಮೂಲೆಯಲ್ಲಿ ಉಳಿದಿತ್ತೇ ನೋಡಿ. ರೊಬಸ್ಟಾದ ಲೋಳೆ ದಪ್ಪ, ಜನವರಿಯ ನಂತರದ ಕೊಯ್ಲಿನಲ್ಲಿ ಹವೆಯೂ ಬಿಸಿ. ಸಕಲೇಶಪುರ, ಬೇಲೂರು ಕಡೆಯ ರೊಬಸ್ಟಾ ತೊಟ್ಟಿಗಳಿಗೆ ಈ ಗಂಟೆ, ಈ ಅಂಕಿಗಳನ್ನು ಹಾಗೆಯೇ ಹಾಕಬೇಡಿ.

ಹೆಪ್ಪಿನ ಮಾತು. ಹಿಂದಿನ ತೊಟ್ಟಿಯ ಕೊನೆಯ ರಸವನ್ನು ಹೊಸ ತೊಟ್ಟಿಗೆ ಸುರಿಯುವುದನ್ನು ದಯವಿಟ್ಟು ನಿಲ್ಲಿಸಿ. ಆ ಹೊತ್ತಿಗೆ ಅದರಲ್ಲಿ ಯೀಸ್ಟಿಗಿಂತ ಹುಳಿ ಬ್ಯಾಕ್ಟೀರಿಯಾಗಳದೇ ಮೇಲುಗೈ, ಪ್ರತಿ ಸುತ್ತಿಗೂ ತೊಟ್ಟಿ ಇನ್ನಷ್ಟು ಹುಳಿಯಾಗುತ್ತಾ ಹೋಗುತ್ತದೆ. ಹೆಪ್ಪು ಬೇಕೇ ಬೇಕೆಂದರೆ ಕೊಯ್ಲು ಶುರುವಾಗುವ ಎರಡು ದಿನ ಮೊದಲು ಹೀಗೆ ಮಾಡಿ. ಬಿರಿಯದ, ಪೂರ್ತಿ ಕೆಂಪಾದ 2 ಕೆ.ಜಿ. ಹಣ್ಣನ್ನು ಬರೀ ನೀರಿನಲ್ಲಿ ಒಮ್ಮೆ ತೊಳೆದು ಸ್ಟೀಲ್ ಪಾತ್ರೆಯಲ್ಲಿ ಕೈಯಿಂದ ಹಿಚುಕಿ, ಕುದಿಸಿ ಆರಿಸಿದ 1 ಲೀಟರ್ ನೀರು ಹಾಕಿ, ತೆಳು ಬಟ್ಟೆ ಕಟ್ಟಿ, 20–22 ಡಿಗ್ರಿಯ ನೆರಳಿನಲ್ಲಿಡಿ. ದಿನಕ್ಕೆ ನಾಲ್ಕು ಸಲ ಸ್ವಚ್ಛ ಸೌಟಿನಿಂದ ಕಲಕಿ. 24–30 ಗಂಟೆಗೆ ಗುಳ್ಳೆ ಎದ್ದು ಹಣ್ಣಿನ ವಾಸನೆ ಬರಬೇಕು. ಹುಳಿಮೊಸರು ಅಥವಾ ವಿನೆಗರ್ ವಾಸನೆ ಬಂದರೆ ಚೆಲ್ಲಿ, ಬೇರೆ ಗಿಡಗಳ ಹಣ್ಣಿನಿಂದ ಮತ್ತೆ ಶುರುಮಾಡಿ.

ಎರಡನೆಯ ಹಂತದಲ್ಲಿ 2 ಕೆ.ಜಿ. ತಾಜಾ ಸಿಪ್ಪೆಯನ್ನು 2 ಲೀಟರ್ ನೀರಿನಲ್ಲಿ ಹಿಚುಕಿ ಸೋಸಿ, ಆ ರಸವನ್ನು 70–75 ಡಿಗ್ರಿಯಲ್ಲಿ 15 ನಿಮಿಷ ಕಾಯಿಸಿ, 25ಕ್ಕೆ ಆರಿಸಿ, ಮೊದಲ ಪಾತ್ರೆಯ 200 ಮಿ.ಲೀ. ರಸ ಬೆರೆಸಿ ಇನ್ನೊಂದು ದಿನ ಇಡಿ. ಸಕ್ಕರೆ ಸೇರಿಸಬೇಕೆನಿಸಿದರೆ ಲೀಟರಿಗೆ 20 ಗ್ರಾಂ ಗ್ಲೂಕೋಸ್ ಪುಡಿ, ಬೆಲ್ಲ ಬೇಡ. ಬಳಸುವ ಮುಂಚೆ ಎಣಿಸಿ. ನೂರು ಪಟ್ಟು ತೆಳು ಮಾಡಿ ಕೋಶ ಎಣಿಸುವ ಚೌಕಗೆರೆಯ ಗಾಜಾದ ನ್ಯೂಬಾವರ್ ಚೇಂಬರಿನಲ್ಲಿ ನೋಡಿದಾಗ ನಡುವಿನ 25 ಚೌಕಗಳಲ್ಲಿ ಒಟ್ಟು 100 ಕೋಶ ಸಿಕ್ಕರೆ ಮಿಲಿಲೀಟರಿಗೆ 10 ಕೋಟಿ ಎಂದರ್ಥ. ಅಂಥ ರಸ 100 ಕೆ.ಜಿ. ಪಲ್ಪ್ ಆದ ಬೇಳೆಗೆ 2 ಲೀಟರ್ ಹಾಕಿದರೆ ಗ್ರಾಮಿಗೆ ಸುಮಾರು 20 ಲಕ್ಷ ಕೋಶ ಬೀಳುತ್ತವೆ, ಅಷ್ಟು ಸಾಕು. ಮೆಥಿಲೀನ್ ಬ್ಲೂ ಹಾಕಿದಾಗ ನೀಲಿಯಾದವು ಸತ್ತ ಕೋಶಗಳು, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಿಂಬೆಯಾಕಾರದ, ಎರಡು ತುದಿಯಲ್ಲಿ ಮೊಗ್ಗಿರುವ ಕೋಶಗಳು ಬಹುಪಾಲು ಇಲ್ಲದಿದ್ದರೆ ನೀವು ಬೆಳೆಸಿದ್ದು ಬೇರೇನೋ. ಮೊದಲ ಸಲ 20 ಕೆ.ಜಿ.ಯ ಎರಡು ಬಕೆಟ್ ಮಾಡಿ, ಒಂದಕ್ಕೆ ಹೆಪ್ಪು ಹಾಕಿ ಒಂದಕ್ಕೆ ಹಾಕದೆ, ಅದೇ ದಿನದ ಅದೇ ಹಣ್ಣಿನಲ್ಲಿ ಹೋಲಿಸಿ. ಎರಡನ್ನೂ ಒಂದೇ ಕಣದಲ್ಲಿ ಒಣಗಿಸಿ ಕುಡಿದು ನೋಡುವ ಮೊದಲು ದೊಡ್ಡ ತೊಟ್ಟಿಗೆ ಹೋಗಬೇಡಿ.

ಈಚೆಗೆ ಮುಚ್ಚಿದ ಡ್ರಮ್ಮಿನಲ್ಲಿ ಗಾಳಿಯಿಲ್ಲದೆ ಹುದುಗಿಸುವವರು ಹೆಚ್ಚುತ್ತಿದ್ದಾರೆ. ಆಮ್ಲಜನಕ ತೀರಾ ಕಡಿಮೆಯಾದರೆ ಉವಾರಮ್ ಹೆಚ್ಚು ಕಾಲ ತಾಳುವುದಿಲ್ಲ. ಅಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಮತ್ತು ಬೇರೆ ಯೀಸ್ಟ್‌ಗಳದೇ ಕೆಲಸ. ಈ ಯೀಸ್ಟನ್ನೇ ನೆಚ್ಚಿಕೊಂಡು ಡ್ರಮ್ಮಿಗೆ ಹೋಗಬೇಡಿ. ಹೋದರೂ ಮುಚ್ಚಳಕ್ಕೆ ಅನಿಲ ಹೊರಹೋಗುವ ಏರ್‌ಲಾಕ್ ಇಲ್ಲದೆ ಮುಚ್ಚಬಾರದು, ಒತ್ತಡಕ್ಕೆ ಡ್ರಮ್ಮು ಒಡೆಯುತ್ತದೆ.

ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದು ಮನೆಯಲ್ಲಿ ಆಗದ ಕೆಲಸ. ಫ್ರಿಜ್ಜಿನ 4 ಡಿಗ್ರಿಯಲ್ಲಿ ಅಗರ್ ಓರೆಯ ಮೇಲೆ ಎರಡು ಮೂರು ತಿಂಗಳು ಉಳಿಯಬಹುದು, ಆಮೇಲೆ ಹೊಸ ಅಗರಿಗೆ ವರ್ಗಾಯಿಸಲೇಬೇಕು. ಪ್ರತಿ ವರ್ಗಾವಣೆಯಲ್ಲೂ ಬೇರೆ ಜೀವಿ ಸೇರುವ, ತಳಿ ಬದಲಾಗುವ ಅಪಾಯವಿದೆ. ಸರಿಯಾದ ವಿಧಾನವೆಂದರೆ ಶೇ. 20–25 ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿ. ಅದು ಸುಸಜ್ಜಿತ ಪ್ರಯೋಗಾಲಯದಲ್ಲಿ ಮಾತ್ರ ಸಾಧ್ಯ. ನಿಮ್ಮ ತೋಟದ್ದೇ ತಳಿಯನ್ನು ಕಾಪಾಡಬೇಕೆಂದರೆ ಅಲ್ಲಿಯೇ ಇರಿಸಿ, ಪ್ರತಿ ವರ್ಷ ಮೂಲ ಬಾಟಲಿಯಿಂದ ಹೊಸದಾಗಿ ಬೆಳೆಸಿಕೊಳ್ಳಿ. ಅದಾಗದಿದ್ದರೆ ಪ್ರತಿ ಕೊಯ್ಲಿನ ಆರಂಭದಲ್ಲಿ ನಿಮ್ಮ ಹಣ್ಣಿನಿಂದಲೇ ಹೊಸ ಹೆಪ್ಪು ಎಬ್ಬಿಸುವುದು ಉತ್ತಮ. ಯೀಸ್ಟ್ ನಿಮ್ಮ ತೋಟ ಬಿಟ್ಟು ಹೋಗುವುದಿಲ್ಲ.

ಈಗ ಬಂದಿರುವ ವರದಿಯಿಂದ ಇದಕ್ಕಿಂತ ಹೆಚ್ಚು ಹೇಳಲಾಗದು, ಏಕೆಂದರೆ ಮಾದರಿ ತೆಗೆದ ಹೊತ್ತು ಅದರಲ್ಲಿ ಇಲ್ಲ. ಮುಂದಿನ ಸಲ ಒಂದೇ ತೊಟ್ಟಿಯಿಂದ ಮೂರು ಮಾದರಿ ಕಳಿಸಿ: ಬೇಳೆ ಬಿದ್ದ ಕೂಡಲೇ, 12 ಗಂಟೆಗೆ, ತೊಳೆಯುವ ಮುಂಚೆ. ಪ್ರತಿಯೊಂದೂ 50 ಮಿ.ಲೀ., ಕ್ರಿಮಿರಹಿತ ಬಾಟಲಿಯಲ್ಲಿ, ರಾಶಿಯ ನಡುವಿನಿಂದ ತೆಗೆದದ್ದು. ಬಾಟಲಿಯ ಮೇಲೆ ಗಂಟೆ, ತಾಪಮಾನ, ಪಿಎಚ್ ಬರೆದು, ಐಸ್ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯೊಳಗೆ ತಲುಪಿಸಿ. ಪ್ರಯೋಗಾಲಯದವರಿಂದ ಹೆಸರಿನ ಜೊತೆ ಮಿಲಿಲೀಟರಿಗೆ ಎಷ್ಟು ಯೀಸ್ಟ್, ಎಷ್ಟು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ, ಎಷ್ಟು ಅಸಿಟಿಕ್ ಬ್ಯಾಕ್ಟೀರಿಯಾ ಎಂಬ ಲೆಕ್ಕವನ್ನೂ ಕೇಳಿ ಪಡೆಯಿರಿ. ನೇಲ್ ಪಾಲಿಶ್ ವಾಸನೆ ಬಂದ ದಿನದ ಒಂದು ತೊಟ್ಟಿ, ಬಾರದ ದಿನದ ಒಂದು ತೊಟ್ಟಿ, ಎರಡರದೂ ಕಳಿಸಿದರೆ ವ್ಯತ್ಯಾಸ ಶುರುವಾದದ್ದು ಹಣ್ಣಿನ ಚೀಲದಲ್ಲೋ ತೊಟ್ಟಿಯಲ್ಲೋ ಎಂಬುದು ಮೊದಲ ಮಾದರಿಯ ಅಂಕಿಯಲ್ಲೇ ಕಾಣುತ್ತದೆ.